ಹೆಗಲೇರಿದ ಬೇತಾಳ

ಚೆನ್ನೈನ ಕೋಡಂಬಾಕ್ಕಂ ಅಂದರೆ ಎಲ್ಲರಿಗೂ ಸಿನಿಮಾ ನೆನಪಾಗುತ್ತದೆ. ಅಲ್ಲಿ ಬಹುಕಾಲ ಸಂಸಾರ ಮಾಡಿದ ನನಗೆ ಅದು ಬೇತಾಳನ ಸೀಮೆ. ಆರ್ಕಾಟ್ ರಸ್ತೆ ಹಿಡಿದು ಪಡುವಣಕ್ಕೆ ಹೋದರೆ ಸಿಗುವ ವಡಪಳನಿಯಿಂದಲೇ ಬೇತಾಳನ ಕಥೆಗಳ ಮಕ್ಕಳ ಪತ್ರಿಕೆ ‘ಚಂದಮಾಮ’ ಹೊರಡುತ್ತಿತ್ತು. ಬಿ. ನಾಗಿರೆಡ್ಡಿ, ಚಕ್ರಪಾಣಿ 1947ರ ಜುಲೈಯಲ್ಲಿ ತೆಲುಗು, ತಮಿಳಿನಲ್ಲಿ ಶುರು ಮಾಡಿದ ಪತ್ರಿಕೆ ಬೇಗನೆ ಕನ್ನಡಕ್ಕೂ ಬಂತು. ನಮ್ಮ ಎಂ.ಟಿ.ವಿ. ಆಚಾರ್ಯರು ಅದಕ್ಕೆ ಮಹಾಭಾರತದ ಮುಖಪುಟಗಳನ್ನು ಬರೆದರು. ಕತ್ತಿ ಹಿರಿದು, ಹೆಣ ಹೊತ್ತು ಮಸಣದಲ್ಲಿ ನಡೆಯುವ ರಾಜ ವಿಕ್ರಮನನ್ನು ಮನೆಮನೆಗೆ ತಂದವರು ಚಿತ್ರಕಾರ ಶಂಕರ್.

ಆ ಚಿತ್ರ ತೋರಿಸಿಯೇ ಮೊಮ್ಮಗನಿಗೆ ಕಥೆ ಹೇಳುತ್ತೇನೆ. ಹೆಣದೊಳಗಿನ ಬೇತಾಳ ದಾರಿಯಲ್ಲಿ ಕಥೆ ಹೇಳಿ ಪ್ರಶ್ನೆ ಕೇಳುತ್ತಾನೆ. ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ರಾಜನ ತಲೆ ಹೋಳಾಗುತ್ತದೆ. ಬಾಯಿ ಬಿಟ್ಟರೆ ಹೆಣ ಮತ್ತೆ ಮರಕ್ಕೆ ಹಾರುತ್ತದೆ.

“ಅದನ್ನ ಅಲ್ಲೇ ಬಿಸಾಕಿ ಮನೆಗೆ ಹೋಗಬಾರದಾ, ಅಜ್ಜಿ?”

“ಹೆಣ ತಂದುಕೊಡ್ತೀನಿ ಅಂತ ಒಬ್ಬ ಭಿಕ್ಷುವಿಗೆ ಮಾತು ಕೊಟ್ಟಿದ್ದಾನಲ್ಲ, ಪುಟ್ಟಾ.”

ಅವನಿಗೆ ಅಷ್ಟು ಸಾಕು. ನನಗೆ ಮಾತ್ರ ನಿಜ ಗೊತ್ತಿದ್ದೂ ಹಿರಿಯರೆಲ್ಲ ತಲೆ ತಗ್ಗಿಸಿ ಕೂತ ಮದುವೆ ಮಾತುಕತೆಗಳು, ಆಸ್ತಿ ಪಾಲುಗಳು ಕಣ್ಣಮುಂದೆ ಬರುತ್ತವೆ. ತಲೆ ಹೋಳಾಗುವುದು ಅಂದರೆ ಏನೆಂದು ಆಗ ಅರ್ಥವಾಗುತ್ತದೆ.

11ನೇ ಶತಮಾನದಲ್ಲಿ ಕಾಶ್ಮೀರದ ಸೋಮದೇವ ‘ಕಥಾಸರಿತ್ಸಾಗರ’ದಲ್ಲಿ ಹೇಳಿದ ಬೇತಾಳ ಕಥೆಗಳು ಇಪ್ಪತ್ತೈದೇ. ‘ಚಂದಮಾಮ’ ಹೊಸ ಹೊಸ ಕಥೆ ಹೆಣೆಸಿ ದಶಕಗಟ್ಟಲೆ ನಡೆಸಿತು. ಹಾಗಾಗಿ ಎಷ್ಟೋ ಓದುಗರಿಗೆ ಕಡೆಯಲ್ಲಿ ಏನಾಯಿತೆಂಬುದೇ ತಿಳಿಯಲಿಲ್ಲ. ಕಥೆಯ ಜೀವ ಇರುವುದೇ ಅಲ್ಲಿ. ಕೊನೆಯ ಪ್ರಶ್ನೆಗೆ ರಾಜನಿಗೆ ಉತ್ತರ ಹೊಳೆಯುವುದಿಲ್ಲ, ಸುಮ್ಮನೆ ನಡೆಯುತ್ತಾನೆ. ಮೆಚ್ಚಿದ ಬೇತಾಳ ಗುಟ್ಟು ಬಿಡುತ್ತಾನೆ: ದಿನವೂ ರತ್ನ ಅಡಗಿಸಿದ ಹಣ್ಣು ತಂದುಕೊಟ್ಟ ಭಿಕ್ಷು ನಿನ್ನನ್ನೇ ಬಲಿ ಕೊಡಲಿದ್ದಾನೆ; ಸಾಷ್ಟಾಂಗ ಮಾಡು ಎಂದರೆ, ಹೇಗೆಂದು ತೋರಿಸು ಅನ್ನು, ಅವನು ನೆಲಕ್ಕೆ ಬಿದ್ದಾಗ ಕತ್ತಿ ಬೀಸು. ದಾರಿಯುದ್ದಕ್ಕೂ ಕಾಡಿದವನೇ ಪ್ರಾಣ ಉಳಿಸಿದ. ಮಕ್ಕಳು ಬೇತಾಳನಿಗೆ ಹೆದರುತ್ತಾರೆ. ಈ ವಯಸ್ಸಿನಲ್ಲಿ ನನಗೆ ಭಯ ಆ ಹಣ್ಣುಗಳದು.

ಇದೇ ನಾಗಿರೆಡ್ಡಿ, ಚಕ್ರಪಾಣಿಯವರ ವಿಜಯಾ ಸಂಸ್ಥೆ 1951ರಲ್ಲಿ ತೆಗೆದ ‘ಪಾತಾಳ ಭೈರವಿ’ಯಲ್ಲೂ ಆಸೆ ತೋರಿಸಿ ಕರೆದೊಯ್ಯುವ ಮಾಂತ್ರಿಕ, ಬಲಿಪೀಠದ ಮುಂದೆ ತಿರುಗುಬಾಣ. ತೋಟದ ಹುಡುಗ ಗೆದ್ದಾಗ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ದೊಡ್ಡವರು ಎಸ್.ವಿ. ರಂಗರಾವ್ ಅವರ ಮಾಂತ್ರಿಕ ಎಷ್ಟು ನಯವಾಗಿ ಕರೆಯುತ್ತಾನೆ ಎಂಬುದನ್ನು ಗಮನಿಸಬೇಕು.

ಬೇತಾಳನ ಕಥೆ ಹೇಳುವವರು ದಯವಿಟ್ಟು ಆ ಕಡೆಯ ಭಾಗ ಬಿಡಬೇಡಿ. ಸಾಷ್ಟಾಂಗದ ಜಾಗ ಬಂದರೆ ನಮ್ಮ ಹುಡುಗ ತಾನೇ ಭಿಕ್ಷು ಅಂತ ನೆಲದ ಮೇಲೆ ದೊಪ್ಪನೆ ಬೀಳುತ್ತಾನೆ, ಕತ್ತಿ ಹಿಡಿಯುವ ಕೆಲಸ ಅಜ್ಜಿಯದು.