ಹಳೆಯ ಬೇಸ್ ಗಿಟಾರಿನ ಮಹಜರು

ಇಳಯರಾಜ 1981ರ ‘ಗೀತಾ’ ಚಿತ್ರಕ್ಕೆ ಮಾಡಿಕೊಟ್ಟ ಹಾಡುಗಳನ್ನು ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿದರೆ, ಗಾಯಕರ ದನಿಯ ಕೆಳಗೆ ಇನ್ನೊಂದು ರಾಗವೇ ಓಡಾಡಿಕೊಂಡಿರುವುದು ಗೊತ್ತಾಗುತ್ತದೆ. ಅದು ಬೇಸ್ ಗಿಟಾರ್. ಇರುವುದು ನಾಲ್ಕೇ ತಂತಿ. ಅವುಗಳಲ್ಲಿ ಅತಿ ದಪ್ಪದ್ದು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ವಾದ್ಯಗಳ ಲೆಕ್ಕದಲ್ಲಿ ಇದಕ್ಕೆ ಹೆಚ್ಚು ವಯಸ್ಸಾಗಿಲ್ಲ. ಸಿಯಾಟಲ್‌ನ ಪಾಲ್ ಟಟ್ಮಾರ್ಕ್ 1930ರ ದಶಕದಲ್ಲೇ ವಿದ್ಯುತ್ ಬೇಸ್ ಒಂದನ್ನು ಮಾಡಿದ್ದರೂ ಅದು ಬಳಕೆಗೆ ಹಬ್ಬಲಿಲ್ಲ. ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ರೇಡಿಯೊ ರಿಪೇರಿ ಮಾಡಿಕೊಂಡಿದ್ದ ಲಿಯೊ ಫೆಂಡರ್ 1951ರಲ್ಲಿ ‘ಪ್ರಿಸಿಷನ್ ಬೇಸ್’ ಹೊರತಂದ ಮೇಲೆಯೇ ಈ ವಾದ್ಯ ನೆಲೆಯೂರಿದ್ದು. ಆಳೆತ್ತರದ ಡಬಲ್ ಬೇಸನ್ನು ಊರೂರಿಗೆ ಹೊತ್ತು ತಿರುಗುತ್ತಿದ್ದವರಿಗೆ ಹೆಗಲಿಗೆ ನೇತುಹಾಕಿಕೊಳ್ಳುವ ವಾದ್ಯ ಸಿಕ್ಕಿತು. ಬೆರಳುಹಲಗೆಯ ಮೇಲೆ ಫ್ರೆಟ್ ಎಂಬ ಲೋಹದ ಮೆಟ್ಟಿಲುಗಳು ಇದ್ದದ್ದರಿಂದ ಸ್ವರ ಜಾರುವ ಭಯವೂ ತಪ್ಪಿತು. 1960ರಲ್ಲಿ ‘ಜಾಜ್ ಬೇಸ್’ ಬಂತು. 1965ರ ಜನವರಿಯಲ್ಲಿ ಫೆಂಡರ್ ತನ್ನ ಕಂಪನಿಯನ್ನು 1.3 ಕೋಟಿ ಡಾಲರಿಗೆ ಸಿಬಿಎಸ್ ಸಂಸ್ಥೆಗೆ ಮಾರಿದರು.

ಹಳೆಯ ಗಿಟಾರುಗಳ ಪೇಟೆ ಇವತ್ತಿಗೂ ಈ ಮಾರಾಟವನ್ನೇ ಗಡಿಗೆರೆ ಮಾಡಿಕೊಂಡಿದೆ. ಗೆರೆಯ ಆಚೆಯದಕ್ಕೊಂದು ಬೆಲೆ, ಈಚೆಯದಕ್ಕೆ ಬೇರೆಯೇ ಬೆಲೆ. ಒಂದೆರಡು ವರ್ಷದ ಅಂತರಕ್ಕೆ ಇಷ್ಟು ಹಣ ಅಡಗಿರುವಾಗ ವಯಸ್ಸು ತಿದ್ದುವವರೂ ಹುಟ್ಟಿಕೊಳ್ಳುತ್ತಾರೆ. ತಿದ್ದುವ ಉದ್ದೇಶವೇ ಇಲ್ಲದೆ, ಐವತ್ತು ಅರವತ್ತು ವರ್ಷ ಕೈಯಿಂದ ಕೈಗೆ ದಾಟುವಾಗ ಒಂದರ ನೆಕ್ ಇನ್ನೊಂದರ ಬಾಡಿಗೆ ಸೇರಿಕೊಳ್ಳುವುದೂ ಉಂಟು. ಹಾಗಾಗಿ ಹಳೆಯ ಬೇಸ್ ಕೈಗೆ ಬಂದವರು ಮೊದಲು ಮಾಡಬೇಕಾದದ್ದು ಅದರ ಮಹಜರು. ಇಲ್ಲಿ ಯಾವ ಒಂದು ಗುರುತೂ ವಾದ್ಯದ ವಯಸ್ಸನ್ನು ಸಾಬೀತುಮಾಡುವುದಿಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಹಲವು ಗುರುತುಗಳು ಪರಸ್ಪರ ತಾಳೆಯಾದರೆ ಮಾತ್ರ ಅದನ್ನು ನಂಬಬಹುದು.

ಎಲ್ಲರೂ ಮೊದಲು ನೋಡುವುದು ಕ್ರಮಸಂಖ್ಯೆಯನ್ನು. ಸಾಕ್ಷಿಗಳಲ್ಲಿ ಅತಿ ದುರ್ಬಲವಾದದ್ದೂ ಅದೇ. 1960ರ ದಶಕದ ಫೆಂಡರ್‌ಗಳಲ್ಲಿ ಈ ಸಂಖ್ಯೆ ಇರುವುದು ನೆಕ್ಕನ್ನು ಬಾಡಿಗೆ ಬಿಗಿಯುವ ಲೋಹದ ಫಲಕದ ಮೇಲೆ. ಕಾರ್ಖಾನೆಯಲ್ಲಿ ಈ ಫಲಕಗಳನ್ನು ಕ್ರಮವಾಗಿ ಎಣಿಸಿ ಹಾಕುತ್ತಿರಲಿಲ್ಲ, ಡಬ್ಬಕ್ಕೆ ಕೈಹಾಕಿ ಸಿಕ್ಕಿದ್ದನ್ನು ಬಿಗಿಯುತ್ತಿದ್ದರು. ಸಾಲದ್ದಕ್ಕೆ, ನಾಲ್ಕು ಸ್ಕ್ರೂ ಬಿಚ್ಚಿದರೆ ಯಾರು ಬೇಕಾದರೂ ಫಲಕ ಬದಲಿಸಬಹುದು. ನೆಕ್ಕಿನ ಬುಡದಲ್ಲಿ, ಬಾಡಿಯೊಳಗೆ ಮುಚ್ಚಿಹೋಗುವ ಜಾಗದಲ್ಲಿ ಇರುವ ಗುರುತು ಇದಕ್ಕಿಂತ ಗಟ್ಟಿ. ಮೊದಮೊದಲು ಅಲ್ಲಿ ಪೆನ್ಸಿಲಿನಲ್ಲಿ ಬರೆಯುತ್ತಿದ್ದರು, 1962ರ ಹೊತ್ತಿಗೆ ರಬ್ಬರ್ ಮೊಹರು ಬಂತು: ಒಂದು ಅಂಕಿ, ತಿಂಗಳು, ವರ್ಷ, ಕೊನೆಗೊಂದು ಅಕ್ಷರ. ಆ ಮೊದಲ ಅಂಕಿಯನ್ನು ತಾರೀಖು ಎಂದುಕೊಂಡು ಮೋಸಹೋದವರು ಬಹಳ ಮಂದಿ; ಅದು ನೆಕ್ ಯಾವ ಮಾದರಿಯದು ಎಂಬುದರ ಸಂಕೇತ. ಕೊನೆಯ ಅಕ್ಷರ ನೆಕ್ಕಿನ ಅಗಲವನ್ನು ಹೇಳುತ್ತದೆ. ಇಷ್ಟು ಓದಿಕೊಂಡರೂ ತಿಳಿಯುವುದು ಆ ಮರದ ತುಂಡು ಸಿದ್ಧವಾದ ತಿಂಗಳು ಮಾತ್ರ. ವಾದ್ಯ ಜೋಡಣೆಯಾದದ್ದು ಎಷ್ಟೋ ವಾರಗಳ ಬಳಿಕ ಇರಬಹುದು.

ಮೂರನೆಯ ಸಾಕ್ಷಿ ನಾದದ ಏರಿಳಿತ ತಿದ್ದುವ ಗುಂಡಿಗಳ ಅಡಿಯಲ್ಲಿದೆ. ಅಲ್ಲಿರುವ ಪೊಟೆನ್ಷಿಯೊಮೀಟರುಗಳನ್ನು ಫೆಂಡರ್ ಕಂಪನಿ ಹೊರಗಿನಿಂದ ಕೊಳ್ಳುತ್ತಿತ್ತು. ಮಾಡಿದ ಕಂಪನಿಯೇ ಅವುಗಳ ಮೇಲೆ ತನ್ನ ಸಂಕೇತ, ವರ್ಷ ಮತ್ತು ವಾರವನ್ನು ಒತ್ತಿರುತ್ತದೆ. 304 ಎಂದಿದ್ದರೆ ಸ್ಟ್ಯಾಕ್‌ಪೋಲ್, 137 ಎಂದಿದ್ದರೆ ಸಿಟಿಎಸ್. 3046614 ಎಂದರೆ ಸ್ಟ್ಯಾಕ್‌ಪೋಲ್ ಕಂಪನಿ 1966ರ 14ನೇ ವಾರದಲ್ಲಿ ಮಾಡಿದ್ದು. ಇಷ್ಟು ಕರಾರುವಾಕ್ಕಾಗಿ ಕಾಣುವ ಅಂಕಿಯೂ ಹೇಳುವುದು ‘ಇದಕ್ಕಿಂತ ಹಿಂದಿನದಲ್ಲ’ ಎಂಬ ಒಂದೇ ಮಾತನ್ನು. 1966ರಲ್ಲಿ ಫೆಂಡರ್ ಕಂಪನಿ ಈ ಬಿಡಿಭಾಗಗಳನ್ನು ರಾಶಿಗಟ್ಟಲೆ ಕೊಂಡಿಟ್ಟಿತ್ತು. ಅವು ದಶಕದ ಕೊನೆಯ ಗಿಟಾರುಗಳಲ್ಲೂ ಸಿಗುತ್ತವೆ. ಇನ್ನು ಆ ಬಿಡಿಭಾಗ ಮೂಲದ್ದೋ ಆಮೇಲೆ ಹಾಕಿದ್ದೋ ಎಂದು ಹೇಳುವುದು ಬೆಸುಗೆ. ಮುಟ್ಟದ ಹಳೆಯ ಬೆಸುಗೆ ಮಂಕಾಗಿ, ಬಟ್ಟೆ ಸುತ್ತಿದ ವೈರನ್ನು ಕಚ್ಚಿಕೊಂಡು ಕೂತಿರುತ್ತದೆ. ಪಕ್ಕದಲ್ಲೇ ಫಳಫಳ ಹೊಳೆಯುವ ತುಣುಕು ಕಂಡರೆ ಅಲ್ಲಿಗೆ ಯಾರೋ ಕೈಯಾಡಿಸಿದ್ದಾರೆ ಎಂದೇ ಲೆಕ್ಕ.

ಬಣ್ಣದ ವಿಚಾರ ಇನ್ನೂ ಸೊಗಸಾಗಿದೆ. ಆ ಕಾಲದಲ್ಲಿ ಬಣ್ಣ ಒಣಗುವ ತನಕ ಬಾಡಿ ನೆಲಕ್ಕೆ ತಾಗದಂತೆ ಅದಕ್ಕೆ ಮೂರ್ನಾಲ್ಕು ಮೊಳೆ ಹೊಡೆದು, ಅವುಗಳ ಮೇಲೆ ನಿಲ್ಲಿಸುತ್ತಿದ್ದರು. ಒಣಗಿದ ಮೇಲೆ ಮೊಳೆ ಕಿತ್ತರೆ ಉಳಿಯುವ ತೂತಿನಲ್ಲಿ ಬರಿಯ ಮರ ಕಾಣಬೇಕು. ಪಿಕ್‌ಗಾರ್ಡ್ ಬಿಚ್ಚಿ ನೋಡಿದಾಗ ಆ ತೂತಿನೊಳಗೂ ಬಣ್ಣ ಇಳಿದಿದ್ದರೆ ಎರಡನೇ ಸಲ ಬಣ್ಣ ಬಿದ್ದಿದೆ ಎಂದರ್ಥ. ಅತಿನೇರಳೆ ದೀಪ ಹಿಡಿದರೆ ಹಳೆಯ ನೈಟ್ರೋಸೆಲ್ಯುಲೋಸ್ ಮೆರುಗು ಹಳದಿ ಬೆರೆತ ಹಸಿರಾಗಿ ಹೊಳೆಯುತ್ತದೆ, ತೇಪೆ ಹಾಕಿದ ಜಾಗ ಬೇರೆಯಾಗಿ ಎದ್ದು ಕಾಣುತ್ತದೆ. ಮರುಬಣ್ಣದ ವಾದ್ಯಕ್ಕೆ ಅರ್ಧ ಬೆಲೆ ಎಂಬುದು ಈ ವ್ಯಾಪಾರದ ರೂಢಿ.

ಇಷ್ಟೆಲ್ಲ ಬಿಚ್ಚಿದರೆ ಹಳೆಯ ವಾದ್ಯ ಹಾಳಾಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಆಕ್ಷೇಪ ಸುಳ್ಳಲ್ಲ. ಹಳೆಯ ಮರದಲ್ಲಿ ಸ್ಕ್ರೂವಿನ ತೂತು ಸವೆಯುತ್ತದೆ, ಮುಟ್ಟಿದ ಬೆಸುಗೆ ಸಾಕ್ಷಿಯಾಗಿ ಉಳಿಯುವುದಿಲ್ಲ. ಆದರೆ ನೆಕ್ಕನ್ನು ಹೇಗೂ ಒಮ್ಮೆ ಬಿಚ್ಚಲೇಬೇಕು. ನಾಲ್ಕು ತಂತಿಗಳ ಒಟ್ಟು ಸೆಳೆತ ಸುಮಾರು 70ರಿಂದ 80 ಕಿಲೊ. ಅದನ್ನು ತಡೆಯಲು ನೆಕ್ಕಿನೊಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳಿದೆ. ಆ ಕಾಲದ ಫೆಂಡರ್‌ಗಳಲ್ಲಿ ಅದನ್ನು ತಿರುಗಿಸುವ ನಟ್ ಇರುವುದೇ ನೆಕ್ಕಿನ ಬುಡದಲ್ಲಿ. ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒತ್ತಿಹಿಡಿದು, ನಡುವಿನ ಏಳೆಂಟನೇ ಫ್ರೆಟ್ ಬಳಿ ಸಂದು ಎಷ್ಟಿದೆ ನೋಡಬೇಕು. ಮಿಲಿಮೀಟರಿನ ಮೂರನೇ ಒಂದು ಭಾಗದ ಆಸುಪಾಸು ಇದ್ದರೆ ಸರಿ. ಸಂದು ಅತಿಯಾಗಿದ್ದು ನಟ್ ಆಗಲೇ ಪೂರ್ತಿ ಬಿಗಿದು ನಿಂತಿದ್ದರೆ ಅದು ನಿಜವಾದ ಕಾಯಿಲೆ, ಮೊಹರಿನಲ್ಲಿ ಯಾವ ವರ್ಷವಿದ್ದರೂ ಅಷ್ಟೇ. ಹೀಗೆ ಆರೋಗ್ಯ ನೋಡಲು ಬಿಚ್ಚಿದಾಗಲೇ ವಯಸ್ಸನ್ನೂ ಓದಿಕೊಂಡರೆ ಆಯಿತು. ಬೆಸುಗೆಯನ್ನು ಮಾತ್ರ ಮುಟ್ಟಬಾರದು. ತಂತಿಗಳ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ಪಿನ ಸುರುಳಿಯ ತಂತಿ ಕೂದಲಿನಷ್ಟು ತೆಳು, ಅದರ ಕ್ಷೇಮವನ್ನು ಬಿಚ್ಚದೆಯೇ ಮೀಟರಿನಲ್ಲಿ ತಿಳಿಯಬಹುದು: ಪ್ರಿಸಿಷನ್ ಆದರೆ 10-11 ಕಿಲೊ ಓಮ್, ಜಾಜ್ ಆದರೆ 7-8.

ಎರಡನೆಯ ಆಕ್ಷೇಪ ಇನ್ನೂ ದೊಡ್ಡದು: ನಾದ ಚೆನ್ನಾಗಿದ್ದರೆ ಸಾಲದೇ, ಈ ಪೊಲೀಸ್ ಕೆಲಸ ಯಾಕೆ? ನುಡಿಸುವವರ ಮಟ್ಟಿಗೆ ಇದು ಸರಿಯಾದ ಮಾತು, ಕೊಟ್ಟ ದುಡ್ಡು ನಾದಕ್ಕಾಗಿಯೇ ಆಗಿದ್ದರೆ. ತೊಂದರೆಯೆಂದರೆ, ಹಳೆಯದೆಂದು ನಂಬಿದ ಮೇಲೆ ಕಿವಿಯೂ ಹಳೆಯದನ್ನೇ ಕೇಳಿಸಿಕೊಳ್ಳುತ್ತದೆ. ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ಧ್ವನಿಮುದ್ರಿಕೆಗಳಲ್ಲಿ ಜೇಮ್ಸ್ ಜೇಮರ್ಸನ್ ನುಡಿಸಿದ 1962ರ ಪ್ರಿಸಿಷನ್ ಬೇಸಿನ ನಾದವನ್ನು ಇವತ್ತಿಗೂ ಹಳೆಯ ಮರದ ಮಹಿಮೆ ಎಂದು ಹೊಗಳುವವರಿದ್ದಾರೆ. ಜೇಮರ್ಸನ್ ನುಡಿಸುವಾಗ ಆ ಮರ ಹಳೆಯದೇ ಆಗಿರಲಿಲ್ಲ! ಬದಲಿಸದೆ ಬಿಟ್ಟ ನುಣುಪು ಸುತ್ತಿನ ದಪ್ಪ ತಂತಿ, ಬ್ರಿಡ್ಜ್ ಮುಚ್ಚಳದಡಿ ತುರುಕಿದ ಫೋಮ್, ಮೀಟುತ್ತಿದ್ದ ಒಂದೇ ಬೆರಳು, ಇವು ಆ ನಾದದ ಕಾರಣಗಳು. ನಾದಕ್ಕೆ ಕೊಡುವ ಹಣವನ್ನೂ ವಯಸ್ಸಿಗೆ ಕೊಡುವ ಹಣವನ್ನೂ ಬೇರೆಬೇರೆ ಲೆಕ್ಕ ಹಾಕಲಿಕ್ಕಾದರೂ ಮಹಜರು ಬೇಕು.

ಹಾಗೆಂದು ಬದಲಾದ ಭಾಗವೆಲ್ಲ ಕಳಂಕವಲ್ಲ. ಮೈಸೂರಿನ ವೀಣೆಗೆ ಮತ್ತೆ ಮೆಟ್ಟಿಲುಗಳ ಮೇಳ ಕಟ್ಟಿಸಿದರೆ ಯಾರೂ ಅದನ್ನು ನಕಲಿ ವೀಣೆ ಎನ್ನುವುದಿಲ್ಲ. ಸವೆದ ಫ್ರೆಟ್ ಬದಲಿಸಿದ ಬೇಸಿಗೂ ಅದೇ ನ್ಯಾಯ ಸಲ್ಲಬೇಕು. ಸಂಗ್ರಾಹಕರು ಇದನ್ನು ಒಪ್ಪದಿರಬಹುದು. ಹೆಸರಾಂತ ಬೇಸ್ ವಾದಕ ಜಾಕೊ ಪಾಸ್ಟೋರಿಯಸ್ ತನ್ನ 1962ರ ಜಾಜ್ ಬೇಸಿನಲ್ಲಿ ಒಂದು ಫ್ರೆಟ್ಟನ್ನೂ ಉಳಿಸದೆ, ಬೆರಳುಹಲಗೆಗೆ ಎಪಾಕ್ಸಿ ಬಳಿದ. ಪೇಟೆಯ ನಿಯಮದ ಪ್ರಕಾರ ಅದು ಕೆಡಿಸಿದ ವಾದ್ಯ. ಬೇಸ್ ನುಡಿಸುವವರು ಅದನ್ನು ಎಷ್ಟು ಗೌರವದಿಂದ ಕಾಣುತ್ತಾರೆ ಎಂದು ಹೇಳಬೇಕಿಲ್ಲ.

ಬೆರಳುಹಲಗೆಯ ಮರದಲ್ಲಿ ನಮಗೂ ಒಂದು ಪಾಲಿದೆ. 1960ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ಗಿಟಾರ್ ತಯಾರಕರು ಬ್ರೆಜಿಲ್‌ನ ರೋಸ್‌ವುಡ್ ಬಿಟ್ಟು ಭಾರತದ ಬೀಟೆಯತ್ತ ತಿರುಗಿದರು. ಮಲೆನಾಡು, ಕೊಡಗಿನಲ್ಲಿ ಬೆಳೆಯುವ ಮರವೇ ಅದು. ಬ್ರೆಜಿಲ್‌ನದು 1992ರಿಂದ, ಅಳಿವಿನಂಚಿನ ಜೀವಜಾತಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಅತಿ ಕಟ್ಟುನಿಟ್ಟಿನ ಪಟ್ಟಿಯಲ್ಲಿದೆ. ಬೇರೆ ರೋಸ್‌ವುಡ್‌ಗಳ ಸಿದ್ಧ ವಾದ್ಯಗಳಿಗೆ 2019ರಲ್ಲಿ ಸಿಕ್ಕ ವಿನಾಯಿತಿ ಅದಕ್ಕೆ ಅನ್ವಯಿಸುವುದಿಲ್ಲ. ಆದ್ದರಿಂದ ಅಮೆರಿಕದಲ್ಲಿರುವ ಕನ್ನಡಿಗರು ಅಲ್ಲಿ ಹಳೆಯ ಬೇಸ್ ಕೊಂಡು ಊರಿಗೆ ತರುವ ಯೋಚನೆಯಲ್ಲಿದ್ದರೆ, ಮರ ಯಾವುದೆಂದು ಮೊದಲೇ ಗೊತ್ತುಮಾಡಿಕೊಂಡು ಅನುಮತಿ ಪತ್ರ ಪಡೆಯಲಿ. ನೆಕ್ ಬಿಚ್ಚಿದ ದಿನ ಮೊಹರು, ಬೆಸುಗೆ, ಮೊಳೆತೂತು ಎಲ್ಲದರ ಫೋಟೊ ತೆಗೆದು ಗಿಟಾರಿನ ಪೆಟ್ಟಿಗೆಯಲ್ಲೇ ಇಡಿ. ಮುಂದೆ ಅದನ್ನು ಕೊಳ್ಳುವವರು ಮತ್ತೆ ಸ್ಕ್ರೂ ಬಿಚ್ಚುವ ಪ್ರಮೇಯ ತಪ್ಪುತ್ತದೆ.