ಹಳದಿ ಟ್ಯಾಕ್ಸಿಯ ಕಮಾನು ಪಟ್ಟಿ

ಹೌರಾದಲ್ಲಿ ಬರ್ಧಮಾನ್ ಕಡೆಯ ಲೋಕಲ್ ರೈಲು ಹತ್ತಿದರೆ ಬೇಲೂರು (ನಮ್ಮ ಹಾಸನದ್ದಲ್ಲ, ರಾಮಕೃಷ್ಣ ಮಠದ ಬೇಲೂರು), ಬಾಲಿ, ಉತ್ತರಪಾರಾ ಕಳೆದ ಮೇಲೆ ಸಿಗುವ ನಿಲ್ದಾಣದ ಹೆಸರು ಹಿಂದ್ ಮೋಟರ್. ಕಾರು ಕಾರ್ಖಾನೆಯೊಂದು ರೈಲು ನಿಲ್ದಾಣಕ್ಕೆ ಹೆಸರು ಕೊಟ್ಟ ಜಾಗ ಇದು. ಬಿರ್ಲಾ ಕುಟುಂಬದ ಹಿಂದೂಸ್ತಾನ್ ಮೋಟರ್ಸ್ 1942ರಲ್ಲಿ ಗುಜರಾತಿನ ಓಖಾ ಬಂದರಿನಲ್ಲಿ ಶುರುವಾಯಿತು. 1948ರಲ್ಲಿ ಹೂಗ್ಲಿ ದಂಡೆಯ ಉತ್ತರಪಾರಾಕ್ಕೆ ಬಂತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೇ ಸರಣಿಯನ್ನು ಇಲ್ಲಿ ಅಂಬಾಸಿಡರ್ ಎಂದು 1957ರಿಂದ ತಯಾರಿಸತೊಡಗಿದರು. 2014ರ ಮೇ ತಿಂಗಳಲ್ಲಿ ಕೆಲಸ ನಿಲ್ಲುವ ತನಕ ಆ ಕಾರು ಅದೇ ಮೈಕಟ್ಟಿನಲ್ಲಿ ಹೊರಬರುತ್ತಲೇ ಇತ್ತು. ಎಂಜಿನ್ ಬದಲಾಯಿತು, ಮುಂದಿನ ಜಾಲರಿ ಬದಲಾಯಿತು, ಮಾರ್ಕ್ 2, ಮಾರ್ಕ್ 3, ಮಾರ್ಕ್ 4, ನೋವಾ ಎಂದು ಹೆಸರು ಬದಲಾಯಿತು. ಕಾರಿನಡಿ ಮಲಗಿ ನೋಡಿದವನಿಗೆ ಕಾಣುತ್ತಿದ್ದ ಎಲುಬುಗೂಡು ಮಾತ್ರ ಹೆಚ್ಚು ಬದಲಾಗಲಿಲ್ಲ.

ಈ ಅಂಬಾಸಿಡರೇ ಹಳದಿ ಟ್ಯಾಕ್ಸಿಯಾಗಿ ಓಡಿದ ಕೋಲ್ಕತ್ತಾದಲ್ಲಿ ಕಾರಿನ ಸಸ್ಪೆನ್ಷನ್ ಸಾಮಾನು ಕಂಪನಿಯ ಶೋರೂಮಿನ ಹೊರಗೆ, ಬೀದಿಯಲ್ಲಿ, ಒಂದು ದೊಡ್ಡ ಕಸುಬಾಗಿ ಬೆಳೆದಿದ್ದಕ್ಕೆ ಮೂಲ ಕಾರಣ ಆ ಬದಲಾಗದ ಎಲುಬುಗೂಡೇ ಎಂದು ನನ್ನ ನಂಬಿಕೆ. ಒಂದೇ ಭಾಗವನ್ನು ಅಪ್ಪ ಬಿಚ್ಚಿದ್ದಾನೆ, ಮಗ ಬಿಚ್ಚಿದ್ದಾನೆ. ಹೀಗೆ ಕೈಗೆ ಹತ್ತಿದ ವಿದ್ಯೆಗೆ ಯಾವ ಕೈಪಿಡಿಯೂ ಬೇಕಾಗಲಿಲ್ಲ.

ಆ ಎಲುಬುಗೂಡು ಹೇಗಿತ್ತು ಎಂದು ತಿಳಿದರೆ ಉಳಿದದ್ದು ಸುಲಭ. ಅಂಬಾಸಿಡರಿನ ಮುಂಭಾಗಕ್ಕೆ ಸುರುಳಿ ಸ್ಪ್ರಿಂಗ್ ಇಲ್ಲ. ಅದರ ಬದಲು ಎಡಕ್ಕೊಂದು, ಬಲಕ್ಕೊಂದು ಉದ್ದನೆಯ ಉಕ್ಕಿನ ಸರಳು ಕಾರಿನ ಉದ್ದಕ್ಕೆ ಸಮನಾಗಿ ಮಲಗಿರುತ್ತದೆ. ಇದೇ ಟಾರ್ಷನ್ ಬಾರ್. ಅದರ ಮುಂತುದಿ ಚಕ್ರದ ಕೆಳತೋಳಿಗೆ ಸೇರಿದೆ, ಹಿಂತುದಿ ನೆಲಹಾಸಿನ ಅಡಿ ಲಿವರ್ ಒಂದಕ್ಕೆ ಬಿಗಿದಿದೆ. ಚಕ್ರ ಗುಂಡಿಗೆ ಬಿದ್ದು ಮೇಲೆದ್ದಾಗ ಸರಳು ತಿರುಚಿಕೊಳ್ಳುತ್ತದೆ, ಮತ್ತೆ ಬಿಚ್ಚಿಕೊಳ್ಳುತ್ತದೆ. ಆ ತಿರುಚೇ ಸ್ಪ್ರಿಂಗು. 1948ರ ಮಾರಿಸ್ ಮೈನರ್ ಕಾರಿನಲ್ಲಿ ಅಲೆಕ್ ಇಸಿಗೊನಿಸ್ ಬಳಸಿ ಹೆಸರು ಮಾಡಿದ ಏರ್ಪಾಡು ಇದು. ಹಿಂದಿನ ಆಕ್ಸಲ್‌ಗೆ ಲಾರಿಗಳಲ್ಲಿ ನಾವೆಲ್ಲ ಕಂಡಿರುವ ಕಮಾನು ಪಟ್ಟಿಯ ಸೆಟ್ಟು: ಒಂದರ ಮೇಲೊಂದು ಕೂತ ಬಾಗಿದ ಉಕ್ಕಿನ ಪಟ್ಟಿಗಳು, ನಡುವೆ ಅವನ್ನೆಲ್ಲ ಹಿಡಿದಿಡುವ ಸೆಂಟರ್ ಬೋಲ್ಟು, ಆಕ್ಸಲನ್ನು ತಬ್ಬಿದ ಯು-ಬೋಲ್ಟು.

ಎರಡಕ್ಕೂ ಒಂದು ಗುಣ ಇದೆ. ಪಾನಾ, ಸುತ್ತಿಗೆ, ಜಾಕು ಇದ್ದರೆ ಎತ್ತರ ಬದಲಿಸಬಹುದು. ಟಾರ್ಷನ್ ಬಾರಿನ ಹಿಂತುದಿಯ ಲಿವರನ್ನು ಸರಿಸಿ ಕೂರಿಸಿದರೆ ಕಾರಿನ ಮೂತಿ ಮೇಲೇಳುತ್ತದೆ. ಕಮಾನಿಗೆ ಒಂದು ಪಟ್ಟಿ ಸೇರಿಸಿದರೆ, ಇಲ್ಲವೇ ಇಳಿದುಹೋದ ಪಟ್ಟಿಗೆ ಬಡಿದು ಬಾಗು ಕೊಟ್ಟರೆ ಬಾಲ ಏಳುತ್ತದೆ. ಇವತ್ತು ಅಂಗಡಿಯಲ್ಲಿ ಪೆಟ್ಟಿಗೆ ತುಂಬ ದುಡ್ಡು ಕೊಟ್ಟು ತರುವ 'ಹೈಟ್ ಅಡ್ಜಸ್ಟಬಲ್' ಸೌಕರ್ಯ ಅಂದಿನ ಟ್ಯಾಕ್ಸಿಗೆ ಹುಟ್ಟಿನಿಂದಲೇ ಬಂದಿತ್ತು.

ಊರಿನ ರಸ್ತೆ ಈ ವಿದ್ಯೆಗೆ ಬಿಡುವು ಕೊಡಲಿಲ್ಲ. ಕೋಲ್ಕತ್ತಾದಲ್ಲಿ ವಿದ್ಯುತ್ ಟ್ರಾಮ್ ಓಡತೊಡಗಿದ್ದು 1902ರಲ್ಲಿ. ಟ್ರಾಮ್ ಹಾದಿಯಲ್ಲಿ ಹಳಿಗಳ ನಡುವೆ ಕಲ್ಲು ಹಾಸಿದ್ದರು. ಹಳಿಯ ಅಂಚು ಒಂದು ಕಡೆ, ಕುಸಿದ ಕಲ್ಲು ಇನ್ನೊಂದು ಕಡೆ. ಮಳೆಗಾಲದಲ್ಲಿ ನೀರು ನಿಂತರೆ ಗುಂಡಿ ಎಲ್ಲಿದೆ ಎಂದು ಚಕ್ರ ಇಳಿದ ಮೇಲೇ ಗೊತ್ತಾಗುವುದು. ಸಾಲದ್ದಕ್ಕೆ ಸೀಲ್ದಾ, ಹೌರಾ ನಿಲ್ದಾಣಗಳಿಂದ ಸಂಸಾರ ಸಮೇತ ಇಳಿದವರ ಟ್ರಂಕು, ಹೋಲ್ಡಾಲುಗಳೆಲ್ಲ ಟ್ಯಾಕ್ಸಿಯ ತಲೆಯ ಮೇಲೇ. 1980ರ ಸುಮಾರಿಗೆ ಡೀಸೆಲ್ ಎಂಜಿನ್ ಬಂತು. ಅದು ಪೆಟ್ರೋಲ್ ಎಂಜಿನ್ನಿಗಿಂತ ಭಾರ, ಆದ್ದರಿಂದ ಮೂತಿಯ ಮೇಲೆ ಹೊರೆ ಏರಿತು. ಮೊದಲು ಭವಾನೀಪುರದ ಸಿಖ್ಖರು, ಆಮೇಲೆ ಹೆಚ್ಚಾಗಿ ಬಿಹಾರದವರು ಚಕ್ರ ಹಿಡಿದ ಈ ಗಾಡಿಗಳು ದಿನವಿಡೀ ಓಡುತ್ತಿದ್ದವು. ಗಾಡಿ ಒಂದು ದಿನ ನಿಂತರೆ ಆ ದಿನದ ಗಳಿಕೆ ಹೋಯಿತು. ಹಾಗಾಗಿ ಸಾಮಾನು ಬೇಗ ಸಿಗಬೇಕು, ಅಗ್ಗಕ್ಕೆ ಸಿಗಬೇಕು.

ಸಿಗುತ್ತಿದ್ದದ್ದು ಮಲ್ಲಿಕ್ ಬಜಾರಿನಲ್ಲಿ. ಪಾರ್ಕ್ ಸ್ಟ್ರೀಟ್ ಬಂದು ಆಚಾರ್ಯ ಜಗದೀಶ್ ಚಂದ್ರ ಬೋಸ್ ರಸ್ತೆಗೆ ಸೇರುವ ಕಡೆ, ಬ್ರಿಟಿಷರ ಹಳೆಯ ಗೋರಿಗಳ ಪಕ್ಕದಲ್ಲೇ, ಬಿಚ್ಚಿದ ಕಾರುಗಳ ಬಾಗಿಲು, ಗೇರ್ ಪೆಟ್ಟಿಗೆ, ಆಕ್ಸಲ್‌ಗಳ ರಾಶಿ. ನಮ್ಮ ಬೆಂಗಳೂರಿನ ಜೆ.ಸಿ. ರಸ್ತೆಯನ್ನೂ ಶಿವಾಜಿನಗರದ ಗುಜರಿಯನ್ನೂ ಒಂದೇ ಕಡೆ ತಂದು ಗುಡ್ಡೆ ಹಾಕಿದ ಹಾಗೆ. 2008ರಲ್ಲಿ ಕಲ್ಕತ್ತಾ ಹೈಕೋರ್ಟು 15 ವರ್ಷ ದಾಟಿದ ವಾಣಿಜ್ಯ ವಾಹನಗಳನ್ನು ಮಹಾನಗರದಲ್ಲಿ ಓಡಿಸಬಾರದೆಂದು ಆದೇಶಿಸಿತು. 2009ರ ಆಗಸ್ಟಿನಿಂದ ಅದು ಜಾರಿಗೆ ಬಂದಾಗ ರಸ್ತೆ ಬಿಟ್ಟ ಟ್ಯಾಕ್ಸಿಗಳು ಉಳಿದ ಟ್ಯಾಕ್ಸಿಗಳಿಗೆ ಸಾಮಾನಾದವು. ಹಳೆಯ ಕಾರಿನ ಕಮಾನು ಹೊಸ ಕಾರಿಗೆ ಹೊಂದುತ್ತಿದ್ದುದರಿಂದ ಇದು ಸಾಧ್ಯವಾಯಿತು.

ಇಂಥ ಕಡೆ ಕಮಾನು ಪಟ್ಟಿ ಆರಿಸುವುದು ಹೇಗೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಬಲ್ಲ ಮಿಸ್ತ್ರಿ ಮೊದಲು ನೋಡುವುದು ಸೆಂಟರ್ ಬೋಲ್ಟಿನ ತೂತಿನ ಸುತ್ತ. ಬಿರುಕು ಹುಟ್ಟುವುದು ಅಲ್ಲೇ. ಚಿಂದಿಯಿಂದ ತುಕ್ಕು ಒರೆಸಿ, ಬೆಳಕಿಗೆ ಓರೆ ಹಿಡಿದು, ಉಗುರಿನಿಂದ ಗೆರೆ ಎಳೆಯುತ್ತಾನೆ. ಉಗುರು ತಡೆದರೆ ಪಟ್ಟಿ ವಾಪಸ್ಸು ರಾಶಿಗೆ. ಆಮೇಲೆ ತುದಿಯ ಸುರುಳಿಗಣ್ಣು. ಬುಷ್ ಕೂರುವ ಜಾಗ ಸವೆದು ಮೊಟ್ಟೆಯಾಕಾರವಾಗಿದ್ದರೆ ಹೊಸ ಬುಷ್ ಹಾಕಿದರೂ ಕಟಕಟ ಸದ್ದು ಹೋಗುವುದಿಲ್ಲ. ಕೊನೆಗೆ ಎರಡೂ ಕಡೆಯ ಸೆಟ್ಟನ್ನು ನೆಲದ ಮೇಲೆ ಬೋರಲು ಹಾಕಿ, ದಾರ ಎಳೆದು, ಬಾಗು ಸಮ ಇದೆಯೇ ಎಂದು ಅಳೆಯುತ್ತಾನೆ. ಒಂದೇ ಕಡೆಗೆ ಹೊಸದು ಹಾಕಿಸಿದ ಕಾರು ಓರೆಯಾಗಿ ನಿಲ್ಲುತ್ತದೆ. ಇಳಿದ ಪಟ್ಟಿಗೆ ಬಾಗು ಕೊಡುವುದಾದರೆ ತಣ್ಣಗಿರುವಾಗಲೇ ಬಡಿಯಬೇಕು. ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸಿದರೆ ಉಕ್ಕಿನ ಹದ ಹೋಗಿ, ತಿಂಗಳೊಳಗೆ ಮತ್ತೆ ಚಪ್ಪಟೆ.

ಟಾರ್ಷನ್ ಬಾರಿನ ವಿಚಾರದಲ್ಲಿ ಒಂದು ತಪ್ಪು ತಿಳಿವಳಿಕೆ ಈಗಲೂ ಉಳಿದಿದೆ. ಲಿವರ್ ಬಿಗಿಸಿ ಮೂತಿ ಎತ್ತಿದರೆ ಸ್ಪ್ರಿಂಗು ಗಡಸಾಗುತ್ತದೆ ಎಂದು ಜನ ಅಂದುಕೊಳ್ಳುತ್ತಾರೆ. ಸರಳಿನ ದಪ್ಪ, ಉದ್ದ ಅಷ್ಟೇ ಇರುವಾಗ ಗಡಸುತನ ಎಲ್ಲಿಂದ ಬರಬೇಕು? ಬದಲಾಗುವುದು ಎತ್ತರ ಮಾತ್ರ. ಚಕ್ರ ಕೆಳಗಿಳಿಯಲು ಇದ್ದ ಅವಕಾಶ ಕಡಿಮೆಯಾಗಿ ಗುಂಡಿಯಲ್ಲಿ ಕುಕ್ಕಿದಂತಾಗುತ್ತದೆ. ಅದನ್ನೇ ಜನ ಗಡಸು ಎನ್ನುತ್ತಾರೆ. ಎಡದ ಸರಳನ್ನು ಬಲಕ್ಕೆ ಹಾಕಬಾರದು, ಏಕೆಂದರೆ ಪ್ರತಿಯೊಂದೂ ಒಂದೇ ದಿಕ್ಕಿನ ತಿರುಚಿಗೆ ಪಳಗಿದ್ದು. ಎತ್ತರ ಬದಲಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ನೋಡಲೇಬೇಕು. ಇಲ್ಲದಿದ್ದರೆ ಟೈರು ಒಂದೇ ಅಂಚಿನಲ್ಲಿ ಸವೆಯುತ್ತದೆ.

ಇಲ್ಲೊಂದು ಮಾತು ಕನ್ನಡಿಗನಾಗಿ ಹೇಳದೆ ಇರಲಾರೆ. ಈ ಕಸುಬು ಬೆಂಗಳೂರಿನಲ್ಲಿ ಬೆಳೆಯಬಹುದಿತ್ತು. ಸರ್ ಎಂ. ವಿಶ್ವೇಶ್ವರಯ್ಯ 1930ರ ದಶಕದಲ್ಲೇ ಭಾರತಕ್ಕೆ ಸ್ವಂತ ಕಾರು ಕಾರ್ಖಾನೆ ಬೇಕೆಂದು ಹಟ ಹಿಡಿದು, ವಿದೇಶಗಳ ಕಾರ್ಖಾನೆಗಳನ್ನು ನೋಡಿ ಬಂದು ಯೋಜನೆ ಮಾಡಿದ್ದರು. ವಾಲ್‌ಚಂದ್ ಹೀರಾಚಂದ್ ಮುಂದೆ ಬಂದರು. ಮೈಸೂರು ಸಂಸ್ಥಾನ ನೆರವಿಗೆ ಸಿದ್ಧವಿತ್ತು. ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ವಾಲ್‌ಚಂದ್ 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಕಂಪನಿ ಕಟ್ಟಿದರು. ನಮಗೆ ಸಿಕ್ಕಿದ್ದು ವಿಧಾನಸೌಧದ ಮುಂದೆ ಸಾಲುಗಟ್ಟಿ ನಿಲ್ಲುತ್ತಿದ್ದ ಉತ್ತರಪಾರಾದ ಬಿಳಿ ಅಂಬಾಸಿಡರುಗಳು.

ಇನ್ನು ಟೈರು ಉಜ್ಜುವ ವಿಷಯ. ಟ್ಯಾಕ್ಸಿಯಲ್ಲಿ ಇದು ಶೋಕಿಯಿಂದ ಬಂದ ರೋಗವಲ್ಲ. ಐದು ಜನ ಕೂತು ಡಿಕ್ಕಿ ತುಂಬಿದಾಗ ಹಿಂದೆ 'ಸರ್' ಎಂದು ರಬ್ಬರ್ ಉಜ್ಜುವ ಸದ್ದು ಕೇಳಿದರೆ, ದಡ್ಡ ಮಿಸ್ತ್ರಿ ಮಡ್‌ಗಾರ್ಡಿನ ಅಂಚು ಬಡಿಯುತ್ತಾನೆ. ಬಲ್ಲವನು ಟೈರಿನ ಪಕ್ಕೆಗೆ ಸೀಮೆಸುಣ್ಣ ಬಳಿದು, ನಾಲ್ಕು ಜನರನ್ನು ಹಿಂದೆ ಕೂರಿಸಿ, ಕಾರನ್ನು ಒಂದು ಸುತ್ತು ಓಡಿಸಿ ತರಲು ಹೇಳುತ್ತಾನೆ. ಸುಣ್ಣ ಎಲ್ಲಿ ಅಳಿಸಿದೆ, ಒಳಗೆ ಬಣ್ಣ ಹೋಗಿ ಲೋಹ ಎಲ್ಲಿ ಹೊಳೆಯುತ್ತಿದೆ, ಅದೇ ಅವನಿಗೆ ಸಾಕ್ಷಿ. ಉಜ್ಜಿದ ಗುರುತು ಮಡ್‌ಗಾರ್ಡಿನ ಮೇಲ್ಭಾಗದಲ್ಲಿದ್ದರೆ ಪಟ್ಟಿ ಇಳಿದಿದೆ. ಒಂದೇ ಬದಿಯಲ್ಲಿದ್ದರೆ ಆ ಬದಿಯ ಪಟ್ಟಿ ಮುರಿದಿರಬಹುದು. ಗುರುತು ಮುಂದಕ್ಕೋ ಹಿಂದಕ್ಕೋ ಸರಿದಿದ್ದರೆ ಸೆಂಟರ್ ಬೋಲ್ಟು ತುಂಡಾಗಿ ಆಕ್ಸಲ್ಲೇ ಜಾರಿದೆ ಎಂದು ಅರ್ಥ. ಅಂಥ ಗಾಡಿಯನ್ನು ಅವನು ಮತ್ತೆ ರಸ್ತೆಗೆ ಬಿಡುವುದಿಲ್ಲ. ಮುಂದಿನ ಚಕ್ರ ಪೂರ್ತಿ ತಿರುಗಿಸಿದಾಗ ಮಾತ್ರ ತಾಗಿದರೆ ಟೈರಿನ ಅಳತೆ ತಪ್ಪಿದೆ, ಇಲ್ಲವೇ ತೋಳಿನ ಬುಷ್ ಸವೆದು ಚಕ್ರವೇ ಅಲ್ಲಾಡುತ್ತಿದೆ. ಅಂಚು ಬಡಿಯುವುದು ಕಟ್ಟಕಡೆಯ ಮದ್ದು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಈ ಲೋಕ ನಿಧಾನಕ್ಕೆ ಬದಲಾಯಿತು. ಅದರ ಮುಂಭಾಗದ್ದು ಮ್ಯಾಕ್‌ಫರ್ಸನ್ ಸ್ಟ್ರಟ್: ಸುರುಳಿ ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಒಂದೇ ಕಂಬದಲ್ಲಿ. ಇಲ್ಲಿ ಪಾನಾದಿಂದ ಎತ್ತರ ಬದಲಿಸಲು ಏನೂ ಇಲ್ಲ. ಬೇಡವೆಂದರೆ ಬಿಚ್ಚಿ ಬಿಸಾಕಿ ಬೇರೆಯದು ಹಾಕಬೇಕು. ಹಾಗಾಗಿ ಬಡಿದು ಬಾಗಿಸುವ ಕಸುಬಿನ ಜಾಗಕ್ಕೆ ಪೆಟ್ಟಿಗೆ ಕೊಳ್ಳುವ ವ್ಯಾಪಾರ ಬಂತು. ತಗ್ಗಿಸುವ ಸ್ಪ್ರಿಂಗು, ಎತ್ತರ ಬದಲಿಸಬಹುದಾದ ಕಾಯಿಲ್‌ಓವರ್, ಸುರುಳಿಗಳ ನಡುವೆ ತುರುಕುವ ರಬ್ಬರ್ ಬಫರ್. ಈ ಬಫರ್ ನಮ್ಮೂರಿನ ಹಂಪ್‌ಗಳ ಭಯದಿಂದ ಬಿಸಿದೋಸೆಯಂತೆ ಮಾರಾಟವಾಗುತ್ತದೆ. ಅದು ಸುರುಳಿಯ ಕೆಲವು ಸುತ್ತುಗಳ ಕೆಲಸವನ್ನೇ ನಿಲ್ಲಿಸಿ ಉಳಿದವುಗಳ ಮೇಲೆ ಹೊರೆ ಹಾಕುತ್ತದೆ. ಸ್ಪ್ರಿಂಗು ಇಳಿದಿದ್ದರೆ ಹೊಸ ಸ್ಪ್ರಿಂಗೇ ಹಾಕಿಸಿ, ಬಫರ್ ಬೇಡ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಸುರುಳಿಯನ್ನು ಕತ್ತರಿಸಿ ಕಾರು ತಗ್ಗಿಸುವುದಂತೂ ಅಪಾಯ. ಚಕ್ರ ಗಾಳಿಯಲ್ಲಿ ತೂಗಿದಾಗ ತುಂಡಾದ ಸುರುಳಿ ತನ್ನ ಜಾಗದಿಂದಲೇ ಜಾರಬಹುದು.

ಈಗ ಕೋಲ್ಕತ್ತಾದ ಬಿಳಿ-ನೀಲಿ ಟ್ಯಾಕ್ಸಿಗಳಲ್ಲಿ ಬಹಳಷ್ಟು ಮಾರುತಿ ಡಿಸೈರ್. ಅದರ ಟೈರಿನ ಒಂದು ಮೂಲ ಅಳತೆ 165/80 ಆರ್14. ಎಂದರೆ ಟೈರಿನ ಅಗಲ 165 ಮಿ.ಮೀ., ಪಕ್ಕೆಯ ಎತ್ತರ ಅದರ ಶೇ 80, ಅಂದರೆ 132. ರಿಮ್ಮಿನ 14 ಇಂಚು ಸೇರಿಸಿದರೆ ಪೂರ್ತಿ ಎತ್ತರ ಸುಮಾರು 620 ಮಿ.ಮೀ. ಇದರ ಬದಲು 185/65 ಆರ್15 ಹಾಕಿದರೆ ಎತ್ತರ 622. ರಿಮ್ಮು ದೊಡ್ಡದಾದರೂ ಟೈರು ಅಷ್ಟೇ, ಉಜ್ಜುವುದಿಲ್ಲ. ನೋಟಕ್ಕೆ ಚೆನ್ನ ಎಂದು 205/65 ಆರ್15 ಹಾಕಿಸಿದರೆ ಎತ್ತರ 648ಕ್ಕೆ ಏರುತ್ತದೆ. ಮೇಲೆ 14 ಮಿ.ಮೀ. ಹೆಚ್ಚು, ಅಗಲದಲ್ಲಿ ಒಂದೊಂದು ಬದಿಗೆ 20 ಹೆಚ್ಚು. ಅದರ ಜೊತೆಗೆ ಅಲಾಯ್ ಚಕ್ರದ ಆಫ್‌ಸೆಟ್ (ರಿಮ್ಮಿನ ನಡುಗೆರೆಯಿಂದ ಹಬ್ಬಿಗೆ ಕೂರುವ ಮುಖಕ್ಕಿರುವ ದೂರ) 45 ಮಿ.ಮೀ.ನಿಂದ 35ಕ್ಕೆ ಇಳಿದರೆ ಚಕ್ರ ಇನ್ನೂ 10 ಹೊರಗೆ. ಒಟ್ಟು 30 ಮಿ.ಮೀ. ಆಚೆ ಬಂದ ಟೈರು ಮಡ್‌ಗಾರ್ಡಿಗೆ ತಾಗದೆ ಏನು ಮಾಡೀತು? ಈ ಲೆಕ್ಕ ಅಂಗಡಿಯ ಗಲ್ಲಾದ ಮುಂದೆಯೇ ಮೊಬೈಲಿನಲ್ಲಿ ಮಾಡಬಹುದು. ಮಾಡಿಕೊಡದ ಅಂಗಡಿಯಲ್ಲಿ ಕೊಳ್ಳಬೇಡಿ. ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಡಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದ್ದೂ ನೆನಪಿರಲಿ.

ಕಾರ್ಖಾನೆಯಿಂದ ಕೊನೆಗೆ ಬಂದ ಅಂಬಾಸಿಡರ್ ಟ್ಯಾಕ್ಸಿಗೂ ಕೋಲ್ಕತ್ತಾದಲ್ಲಿ 15 ವರ್ಷ ತುಂಬುವುದು 2029ಕ್ಕೆ. ಕಮಾನು ಪಟ್ಟಿ ಬಡಿಯುವವರಿಗೆ ಅದರಿಂದ ಕೆಲಸ ತಪ್ಪುವುದಿಲ್ಲ, ಲಾರಿಗಳೂ ಪಿಕಪ್‌ಗಳೂ ಅವರನ್ನು ಸಾಕುತ್ತವೆ. ಟಾರ್ಷನ್ ಬಾರಿನ ಗತಿ ಬೇರೆ. ಇವತ್ತಿನ ಕಾರುಗಳಲ್ಲಿ ಅದು ಅಪರೂಪ. ಅದರ ಲಿವರನ್ನು ಎಷ್ಟು ಸರಿಸಿದರೆ ಮೂತಿ ಎಷ್ಟು ಏಳುತ್ತದೆ ಎಂದು ಕಣ್ಣಳತೆಯಲ್ಲೇ ಹೇಳುವವರು ಮುದುಕರಾಗಿದ್ದಾರೆ. ಚಿಕ್ಕಮಗಳೂರಿನ ಕಾಫಿ ತೋಟದ ಶೆಡ್ಡಿನಲ್ಲೋ, ಮೈಸೂರಿನ ಹಳೇ ಮನೆಯ ಗ್ಯಾರೇಜಿನಲ್ಲೋ ಸ್ವಂತದ ಅಂಬಾಸಿಡರ್ ಇಟ್ಟುಕೊಂಡು ಐದೈದು ವರ್ಷಕ್ಕೆ ನೋಂದಣಿ ನವೀಕರಿಸುತ್ತಿರುವವರಿಗೆ ಆ ಅಳತೆ ಮುಂದೆ ಬೇಕಾಗುತ್ತದೆ. ಎಂಜಿನಿಯರಿಂಗ್ ಕಾಲೇಜಿನ ಆಟೊಮೊಬೈಲ್ ವಿಭಾಗದ ಹುಡುಗರು ಒಂದು ರಜೆಯಲ್ಲಿ ಮಲ್ಲಿಕ್ ಬಜಾರಿಗೆ ಹೋಗಿ, ಆ ಮಿಸ್ತ್ರಿಗಳ ಪಕ್ಕ ಕೂತು, ಲಿವರಿನ ಸ್ಥಾನ, ನೆಲದಿಂದ ಎತ್ತರ, ಹೊರೆ, ಟೈರಿನ ಅಳತೆ ಎಲ್ಲವನ್ನೂ ಬರೆದುಕೊಂಡು ಬರಬೇಕು. ಬೇಗ ಹೋಗಬೇಕು.