ತಪ್ಪು ಸಂವೇದಕದ್ದೋ, ತಂತಿಯದ್ದೋ?

ಕಾರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿಕೊಂಡಿದೆ. ಆಕ್ಸಿಜನ್ ಸಂವೇದಕದ ಮಂಡಲದಲ್ಲಿ ದೋಷವಿದೆ ಎನ್ನುತ್ತದೆ ಸ್ಕ್ಯಾನರ್. ಕೂಡಲೇ ಸಾವಿರಾರು ರೂಪಾಯಿ ತೆತ್ತು ಹೊಸ ಸಂವೇದಕ ಹಾಕಿಸುವವರುಂಟು. ಆದರೆ ಮಂಡಲವೆಂದರೆ ಸಂವೇದಕವಷ್ಟೇ ಅಲ್ಲ; ತಂತಿ, ಕನೆಕ್ಟರ್, ಫ್ಯೂಸ್ ಎಲ್ಲವೂ ಅದರಲ್ಲಿ ಸೇರಿವೆ.

ಈ ಸಂವೇದಕವು 1976ರಲ್ಲಿ ವೋಲ್ವೊ ಕಾರುಗಳ ಮೂಲಕ ಬಳಕೆಗೆ ಬಂದಿತು. ಇದರ ತಿರುಳು ಜಿರ್ಕೋನಿಯಂ ಡೈಆಕ್ಸೈಡ್‌ನ ಪಿಂಗಾಣಿ. ಅದರ ಒಂದು ಬದಿಗೆ ಎಂಜಿನ್ನಿನ ಹೊಗೆ, ಇನ್ನೊಂದು ಬದಿಗೆ ಹೊರಗಿನ ಗಾಳಿ. ಉಷ್ಣತೆ ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಆಕ್ಸಿಜನ್ ಅಯಾನುಗಳು ಪಿಂಗಾಣಿಯೊಳಗೆ ಚಲಿಸಿ ವಿಭವಾಂತರ ಉಂಟಾಗುತ್ತದೆ. ಪೆಟ್ರೋಲ್ ಹೆಚ್ಚಾದರೆ ಸುಮಾರು 0.9 ವೋಲ್ಟ್, ಗಾಳಿ ಹೆಚ್ಚಾದರೆ ಸುಮಾರು 0.1 ವೋಲ್ಟ್. ಬಿಸಿಯಾದ ಎಂಜಿನ್ನಿನಲ್ಲಿ ಮುಂದಿನ ಸಂವೇದಕದ ಸಂಕೇತ ಇವೆರಡರ ನಡುವೆ ತೂಗಾಡುತ್ತಿರಬೇಕು.

ಸಾಮಾನ್ಯವಾಗಿ ತಂತಿಗಳು ನಾಲ್ಕು: ಎರಡು ಹೀಟರಿಗೆ, ಒಂದು ಸಂಕೇತಕ್ಕೆ, ಇನ್ನೊಂದು ಸಂಕೇತದ ಭೂಸಂಪರ್ಕಕ್ಕೆ. ಸಂಕೇತ ತೂಗಾಡದೆ ಸೊನ್ನೆಯಲ್ಲೇ ನಿಂತಿದ್ದರೆ ತಂತಿ ಕಾರಿನ ಲೋಹಕ್ಕೆ ತಗಲಿರಬಹುದು. 1 ವೋಲ್ಟ್‌ಗಿಂತ ಬಹಳ ಮೇಲಿದ್ದರೆ ಹೀಟರಿನ ವಿದ್ಯುತ್ ಅದಕ್ಕೆ ಸೋರುತ್ತಿರಬಹುದು. ಹಲವು ಕಾರುಗಳಲ್ಲಿ ಕಂಪ್ಯೂಟರೇ ಸಂಕೇತದ ತಂತಿಗೆ ಸುಮಾರು 0.45 ವೋಲ್ಟ್ ಕೊಟ್ಟಿರುತ್ತದೆ. ಅಂಥ ಕಾರಿನಲ್ಲಿ ಓದಿಕೆ ಅಲ್ಲಿಯೇ ಅಲುಗಾಡದಿದ್ದರೆ ತಂತಿ ತುಂಡಾಗಿರಬಹುದು, ಇಲ್ಲವೇ ಸಂವೇದಕ ಬಿಸಿಯಾಗಿಲ್ಲ.

ಹೀಟರಿನ ತಂತಿಯನ್ನು ಓಮ್‌ಮಾಪಕದಿಂದಷ್ಟೇ ಪರೀಕ್ಷಿಸಿದರೆ ಸಾಲದು. ಏಕೆ ಗೊತ್ತೇ? ಮಾಪಕ ಹರಿಸುವ ವಿದ್ಯುತ್ ಅತ್ಯಲ್ಪ. ತುಕ್ಕು ಹಿಡಿದ ಕನೆಕ್ಟರ್‌ನ ರೋಧ 2 ಓಮ್ ಎಂದುಕೊಳ್ಳಿ. 1 ಮಿಲಿಆಂಪೇರ್ ಹರಿದರೆ ನಷ್ಟ ಕೇವಲ 0.002 ವೋಲ್ಟ್; 1 ಆಂಪೇರ್ ಹರಿದರೆ 2 ವೋಲ್ಟ್! ಆದ್ದರಿಂದ ಹೀಟರ್ ಕೆಲಸ ಮಾಡುತ್ತಿರುವಾಗಲೇ ತಂತಿಯ ಎರಡು ತುದಿಗಳ ನಡುವಿನ ವಿಭವಾಂತರವನ್ನು ಅಳೆಯಬೇಕು.

ಎರಡು ಎಚ್ಚರಿಕೆಗಳು. ಸಂಕೇತದ ತಂತಿಗೆ ಓಮ್‌ಮಾಪಕ ಜೋಡಿಸಬೇಡಿ. ಹೊರಗಿನ ವಿದ್ಯುತ್ತಿನಿಂದ ಸಂವೇದಕ ಕೆಡಬಹುದು. ಸಂವೇದಕದ ತಂತಿಗೆ ಬೆಸುಗೆಯೂ ಬೇಡ; ಅನೇಕ ಸಂವೇದಕಗಳು ಹೊರಗಾಳಿಯನ್ನು ಪಡೆಯುವುದು ತಂತಿಯ ಎಳೆಗಳ ಸಂದಿನಿಂದಲೇ.

ಕಂಪ್ಯೂಟರಿಗೆ ಸೊನ್ನೆ ಎಂದರೆ 'ಪೆಟ್ರೋಲ್ ಸಾಲದು' ಎಂದೇ ಅರ್ಥ. ಅದು ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಮೈಲೇಜ್ ಇಳಿಯುತ್ತದೆ, ಹೊಗೆ ಹೆಚ್ಚುತ್ತದೆ, ಕೊನೆಗೆ ದುಬಾರಿ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ಹಾಳಾಗಬಹುದು. ಹೊಸ ಸಂವೇದಕ ಹಾಕಿದರೂ ತಂತಿ ಹಳೆಯದೇ ತಾನೆ? ಮೊದಲು ಅಳತೆ, ಆಮೇಲೆ ಬದಲಾವಣೆ.